ಆಡುವವರ ಕೈಗೆ ಬಂದ ಕಥನ: 'ಒರೆಗಾನ್ ಟ್ರೇಲ್' ಪರಂಪರೆ ಮತ್ತು ವಿಡಿಯೊ ಆಟಗಳಲ್ಲಿ ಸೂಕ್ಷ್ಮ ಸಾಮಾಜಿಕ ವಸ್ತುವಿನ ನಿರೂಪಣೆ

1

ತುಳುನಾಡಿನ ಸಿರಿ ಪಾಡ್ದನದ ಕೊನೆಯ ಘಟ್ಟದಲ್ಲಿ ಸಿರಿಯ ಮೊಮ್ಮಕ್ಕಳಾದ ಅವಳಿ ಸೋದರಿಯರು, ಅಬ್ಬಗ ಮತ್ತು ದಾರಗ, ಚೆನ್ನೆಮಣೆಯ ಎರಡು ಬದಿಗಳಲ್ಲಿ ಕುಳಿತು ಆಡತೊಡಗುತ್ತಾರೆ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳ ಮಣೆ ಅದು. ಆಟ ಮುಂದುವರಿದಂತೆ ಸೋಲು ಗೆಲುವಿನ ಮಾತು ಜಗಳವಾಗುತ್ತದೆ; ಒಬ್ಬಳು ಮಣೆಯನ್ನೆತ್ತಿ ಇನ್ನೊಬ್ಬಳ ತಲೆಗೆ ಹೊಡೆಯುತ್ತಾಳೆ; ಹೊಡೆದವಳು ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರಾಗಿ ಕುಳಿತು ಚೆನ್ನೆ ಆಡಬಾರದೆಂಬ ನಿಷೇಧ ತುಳುವರಲ್ಲಿ ಇಂದಿಗೂ ಉಳಿದುಬಂದಿರುವುದು ಈ ಕಥೆಯ ಬಲದಿಂದ. ಈ ನಿಷೇಧದ ಒಳಾರ್ಥಗಳನ್ನು ಪೀಟರ್ ಕ್ಲಾಸ್ ಅವರು 1986ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ.

ಸಿರಿಯ ಕಥೆ ಒಳಗೊಂಡಿರುವ ವಸ್ತುವನ್ನು ಗಮನಿಸಬೇಕು. ಗಂಡನ ದುರ್ನಡತೆ, ಹೆಣ್ಣು ತಾನಾಗಿ ಕೇಳಿ ಪಡೆಯುವ ವಿಚ್ಛೇದನ, ಆಸ್ತಿಯ ಹಕ್ಕು, ಮರುಮದುವೆ, ಸವತಿ ಸಂಬಂಧ, ಕೊನೆಗೆ ಸೋದರಿಯ ಕೊಲೆ. ಇವುಗಳಲ್ಲಿ ಯಾವುದೊಂದನ್ನೂ ಹಳ್ಳಿಯ ನಡುಮನೆಯಲ್ಲಿ ಕುಳಿತು ಬಾಯಿಬಿಟ್ಟು ಮಾತನಾಡುವುದು ಸುಲಭವಲ್ಲ. ಆದರೆ ಮಾಚಾರು ಗೋಪಾಲ ನಾಯ್ಕರು 1990ರಲ್ಲಿ ಹಾಡಿದ, ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ 1998ರಲ್ಲಿ ಪ್ರಕಟಿಸಿದ 15,683 ಸಾಲುಗಳ ಪಾಠದಲ್ಲಿ ಇವೆಲ್ಲವೂ ಇವೆ. ಹಾಡುವವರು ಯಾರು, ಹಾಡುವ ಸಂದರ್ಭ ಯಾವುದು, ಕೇಳಲು ಸೇರಿದವರು ಯಾರು ಎಂಬ ಮೂರು ಕಟ್ಟುಗಳ ನಡುವೆ ಆ ವಸ್ತು ಸುರಕ್ಷಿತವಾಗಿ ನಿಂತಿದೆ. ಸಿರಿ ಜಾತ್ರೆಯ ರಾತ್ರಿ ಮೈಮೇಲೆ ಬಂದ ಹೆಂಗಸು ಅಬ್ಬಗಳಾಗಿ ಅಥವಾ ದಾರಗಳಾಗಿ ಮಾತನಾಡುವಾಗ ಅವಳನ್ನು ವಿಚಾರಿಸಲು ಕುಮಾರ ಇರುತ್ತಾನೆ, ಮನೆಯವರು ಇರುತ್ತಾರೆ. ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಗೊತ್ತಿರುವಂತೆ, ಧ್ವನಿಮುದ್ರಣ ಯಂತ್ರದ ಮುಂದೆ ಕೆಲವು ಭಾಗಗಳನ್ನು ಹಾಡಲು ಕಲಾವಿದರು ಒಪ್ಪುವುದಿಲ್ಲ. 'ಅದಕ್ಕೆ ಹೊತ್ತುಗೊತ್ತು ಇದೆ' ಎನ್ನುತ್ತಾರೆ.

ವಿಡಿಯೊ ಗೇಮ್ ಎಂದು ಜನಬಳಕೆಯಲ್ಲಿರುವ ಗಣಕಾಧಾರಿತ ಆಟಗಳಲ್ಲಿ ಈ ಮೂರು ಕಟ್ಟುಗಳೂ ಸಡಿಲವಾಗಿರುತ್ತವೆ. ಆಟವನ್ನು ರೂಪಿಸಿದವರು ದೂರದಲ್ಲಿರುತ್ತಾರೆ. ಆಡುವ ಹೊತ್ತಿಗೆ ಗೊತ್ತುಪಾಡಿಲ್ಲ. ಆಡುವವರು ಬಹುಮಟ್ಟಿಗೆ ಒಬ್ಬಂಟಿ. ಇದರ ಮೇಲೆ, ಹಾಡುಗಬ್ಬದಲ್ಲಿ ಇಲ್ಲದ ನಾಲ್ಕನೆಯ ಸಂಗತಿಯೊಂದು ಇಲ್ಲಿ ಸೇರಿಕೊಳ್ಳುತ್ತದೆ: ಕೇಳುಗನೇ ಕಥೆಯೊಳಗೆ ಒಂದು ಸ್ಥಾನದಲ್ಲಿ ಕುಳಿತು, ಲೆಕ್ಕ ಹಾಕಿ, ನಿರ್ಧಾರ ತೆಗೆದುಕೊಂಡು, ಅಂಕ ಗಳಿಸುತ್ತಾನೆ. ಸೂಕ್ಷ್ಮವಾದ ಸಾಮಾಜಿಕ ವಸ್ತುಗಳನ್ನು ಈ ಮಾಧ್ಯಮ ಹೇಗೆ ನಿಭಾಯಿಸಿಕೊಂಡು ಬಂದಿದೆ ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಒಂದು ಆಟದ ಮತ್ತು ಅದರ ಸಂತತಿಯ ಚರಿತ್ರೆಯ ಮೂಲಕ ಪರಿಶೀಲಿಸಲಾಗಿದೆ. ಅಮೆರಿಕದ 'ಒರೆಗಾನ್ ಟ್ರೇಲ್' ಆ ಆಟ. 1971ರಿಂದ 2021ರವರೆಗಿನ ಐವತ್ತು ವರ್ಷಗಳಲ್ಲಿ ಅದು ಪಡೆದ ರೂಪಾಂತರಗಳನ್ನು ಜಾನಪದ ವಿದ್ವಾಂಸರು ಒಂದು ಕಥೆಯ ಪಾಠಾಂತರಗಳನ್ನು ನೋಡುವಂತೆ ನೋಡಲು ಸಾಧ್ಯವಿದೆ.

2

ಮಿನ್ನೆಸೋಟ ರಾಜ್ಯದ ಕಾರ್ಲ್‌ಟನ್ ಕಾಲೇಜಿನ ಮೂವರು ವಿದ್ಯಾರ್ಥಿಗಳು, ಡಾನ್ ರಾವಿಟ್ಷ್, ಬಿಲ್ ಹೈನೆಮನ್ ಮತ್ತು ಪಾಲ್ ಡಿಲ್ಲೆನ್‌ಬರ್ಗರ್, 1971ರಲ್ಲಿ ಮಿನ್ನಿಯಾಪೊಲಿಸ್ ನಗರದ ಶಾಲೆಗಳಲ್ಲಿ ಅಧ್ಯಾಪನದ ತರಬೇತಿಯಲ್ಲಿದ್ದರು. ಎಂಟನೆಯ ತರಗತಿಗೆ ಇತಿಹಾಸ ಬೋಧಿಸುತ್ತಿದ್ದ ರಾವಿಟ್ಷ್ ಅವರಿಗೆ ಪಶ್ಚಿಮದತ್ತ ನಡೆದ ವಲಸೆಯ ಪಾಠವನ್ನು ಮಣೆಯ ಮೇಲಿನ ಆಟವಾಗಿ ಕಲಿಸುವ ಯೋಚನೆ ಇತ್ತು. ಗಣಿತದ ಕಡೆಯವರಾದ ಉಳಿದಿಬ್ಬರು ಅದನ್ನು ಬೇಸಿಕ್ ಭಾಷೆಯಲ್ಲಿ ಗಣಕಕ್ಕೆ ಅಳವಡಿಸಿದರು. ಆ ವರ್ಷ ಡಿಸೆಂಬರ್ 3ರಂದು ಮಕ್ಕಳು ಮೊದಲ ಬಾರಿಗೆ ಅದನ್ನು ಆಡಿದರು. ಆಗ ಪರದೆ ಇರಲಿಲ್ಲ. ಟೆಲಿಟೈಪ್ ಯಂತ್ರ ಕಾಗದದ ಮೇಲೆ ಸಾಲುಸಾಲಾಗಿ ಅಚ್ಚುಹಾಕುತ್ತಿತ್ತು. ಇದು ಅಕ್ಷರಶಃ ಓದುವ ಕಥೆಯಾಗಿತ್ತು, ನಡುನಡುವೆ ಓದುಗ ಉತ್ತರ ಕೊಡಬೇಕಾಗಿತ್ತು ಅಷ್ಟೇ.

ಅವಧಿ ಮುಗಿದಾಗ ರಾವಿಟ್ಷ್ ಆಟವನ್ನು ಗಣಕದಿಂದ ಅಳಿಸಿದರು. ಅದರ ಮುದ್ರಿತ ಪ್ರತಿಯೊಂದನ್ನು ಮಾತ್ರ ಇಟ್ಟುಕೊಂಡರು. 1974ರಲ್ಲಿ ಅವರು ಮಿನ್ನೆಸೋಟ ಶೈಕ್ಷಣಿಕ ಗಣಕ ಒಕ್ಕೂಟವನ್ನು ಸೇರಿದ ಮೇಲೆ ಆ ಪ್ರತಿಯನ್ನು ನೋಡಿಕೊಂಡು ಮತ್ತೆ ಗಣಕಕ್ಕೆ ಊಡಿದರು. ಮೆಕ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಈ ಸಂಸ್ಥೆ ರಾಜ್ಯದ ಶಾಲೆಗಳಿಗೆಲ್ಲ ಗಣಕ ಸೌಲಭ್ಯ ಒದಗಿಸುವ ಸಾರ್ವಜನಿಕ ಸಂಸ್ಥೆಯಾಗಿತ್ತು. ಮತ್ತೆ ಬರೆಯುವಾಗ ರಾವಿಟ್ಷ್ ವಲಸಿಗರ ದಿನಚರಿಗಳನ್ನು ಓದಿ, ರೋಗ, ಮಳೆ, ಬಂಡಿಯ ಗಾಲಿ ಮುರಿಯುವುದು ಮೊದಲಾದ ಘಟನೆಗಳು ಎಷ್ಟೆಷ್ಟು ಬಾರಿ ಸಂಭವಿಸಬೇಕೆಂಬುದನ್ನು ಅವುಗಳ ಆಧಾರದಿಂದ ಗೊತ್ತುಮಾಡಿದರು. 1978ರಲ್ಲಿ 'ಕ್ರಿಯೇಟಿವ್ ಕಂಪ್ಯೂಟಿಂಗ್' ಪತ್ರಿಕೆ ಈ ಪಾಠವನ್ನು ಅಚ್ಚುಮಾಡಿತು.

ಅದರ ಕಥಾಚೌಕಟ್ಟು ಸರಳವಾದುದು. ಕಾಲ 1847. ಐದು ಜನರ ಕುಟುಂಬವೊಂದು ಮಿಸೂರಿಯ ಇಂಡಿಪೆಂಡೆನ್ಸ್ ಪಟ್ಟಣದಿಂದ ಹೊರಟು 2,040 ಮೈಲಿ ದೂರದ ಒರೆಗಾನ್ ತಲುಪಬೇಕು. ಕೂಡಿಟ್ಟ 900 ಡಾಲರ್‌ಗಳಲ್ಲಿ 200 ಬಂಡಿಗೆ ಹೋಗಿದೆ. ಉಳಿದುದನ್ನು ಎತ್ತು, ಆಹಾರ, ಮದ್ದುಗುಂಡು, ಬಟ್ಟೆ, ಇತರೆ ಸಾಮಗ್ರಿಗಳಿಗೆ ಹಂಚಬೇಕು. ದಾರಿಯಲ್ಲಿ ಸವಾರರು ಎದುರಾಗುತ್ತಾರೆ. ಅವರು ಯಾವ ಜನಾಂಗದವರೆಂದು ಪಠ್ಯ ಹೇಳುವುದಿಲ್ಲ. ಮೂಲನಿವಾಸಿಗಳ ಹೆಸರು ಬರುವುದು ಒಂದೇ ಕಡೆ, ಆಹಾರ ಸಿಗುವ ಜಾಗವನ್ನು ತೋರಿಸಿಕೊಡುವ ಸಹಾಯಕರಾಗಿ. ಅಂದಿನ ಸಿನಿಮಾ, ಟೆಲಿವಿಷನ್‌ಗಳಲ್ಲಿ ಗರಿ ಮುಡಿದು ಕೊಡಲಿ ಬೀಸಿ ಬರುವ 'ಕೆಂಪು ಮನುಷ್ಯ'ನ ಚಿತ್ರವೇ ಎಲ್ಲೆಡೆ ಇದ್ದ ಕಾಲದಲ್ಲಿ ಇಪ್ಪತ್ತೊಂದು ವರ್ಷದ ಆಸುಪಾಸಿನ ತರುಣರು ತೋರಿದ ಈ ಎಚ್ಚರ ಸಣ್ಣದಲ್ಲ. ದಿನಚರಿಗಳ ಓದು ಅವರಿಗೆ ಈ ವಿವೇಕವನ್ನು ಕೊಟ್ಟಿತ್ತು. ಆಕರಗಳನ್ನು ಓದಿದವನಿಗೂ ಓದದವನಿಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ.

3

1985ರಲ್ಲಿ ಆರ್. ಫಿಲಿಪ್ ಬೂಶಾರ್ಡ್ ಅವರ ಮುಂದಾಳುತನದಲ್ಲಿ ಆಪಲ್ 2 ಗಣಕಕ್ಕಾಗಿ ಹೊಸದಾಗಿ ರಚಿತವಾದ ಆವೃತ್ತಿಯೇ ಮುಂದೆ ಅಮೆರಿಕದ ಶಾಲಾಮಕ್ಕಳ ಒಂದು ತಲೆಮಾರಿನ ನೆನಪಾಗಿ ಉಳಿದದ್ದು. ಇದರಲ್ಲಿ ಬಣ್ಣದ ಚಿತ್ರಗಳು, ಬೇಟೆ, ದಾರಿಯ ಕೋಟೆಗಳು, ನದಿಗಳು ಇದ್ದವು. ಆಡುವವರು ಮೊದಲಲ್ಲೇ ತಮ್ಮ ವೃತ್ತಿಯನ್ನು ಆರಿಸಿಕೊಳ್ಳಬೇಕು: ಬ್ಯಾಂಕಿನವನಾದರೆ 1,600 ಡಾಲರ್, ಬಡಗಿಯಾದರೆ 800, ರೈತನಾದರೆ 400. ಗುರಿ ಮುಟ್ಟಿದ ಮೇಲೆ ಬಡಗಿಗೆ ಅಂಕಗಳು ಇಮ್ಮಡಿ, ರೈತನಿಗೆ ಮುಮ್ಮಡಿ. ಬಡತನದ ಕುರಿತು ಈ ಆಟ ಒಂದು ಮಾತನ್ನೂ ಆಡುವುದಿಲ್ಲ. ಆದರೂ ಕಡಿಮೆ ಕೈಗಾಸಿನಿಂದ ಹೊರಟವನ ಶ್ರಮಕ್ಕೆ ಹೆಚ್ಚು ಬೆಲೆ ಎಂಬ ನೈತಿಕ ನಿಲುವನ್ನು ಒಂದು ಗುಣಾಕಾರದಲ್ಲಿ ಹೇಳಿಬಿಡುತ್ತದೆ. ಆಟಗಳು ಮಾತಿಗಿಂತ ನಿಯಮಗಳ ಮೂಲಕ ತಮ್ಮ ವಾದವನ್ನು ಮಂಡಿಸುತ್ತವೆ ಎಂದು ಇಯಾನ್ ಬೊಗೊಸ್ಟ್ 2007ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಆ ಸಿದ್ಧಾಂತ ಬರುವುದಕ್ಕೆ ಎರಡು ದಶಕ ಮೊದಲೇ ಶಾಲೆಯ ಮಕ್ಕಳು ಅದನ್ನು ಲೆಕ್ಕಹಾಕಿ ಆಡುತ್ತಿದ್ದರು.

ಈ ಆವೃತ್ತಿಯಲ್ಲೂ ಮೂಲನಿವಾಸಿಗಳು ದಾಳಿಕೋರರಲ್ಲ. ಸ್ನೇಕ್ ನದಿಯ ದಡದಲ್ಲಿ ಶೊಶೊನಿ ಜನಾಂಗದ ದಾರಿತೋರಕನೊಬ್ಬ ಕೆಲವು ಜೊತೆ ಬಟ್ಟೆಗಳಿಗೆ ಬದಲಾಗಿ ಹೊಳೆ ದಾಟಿಸುತ್ತಾನೆ. ಚಿತ್ರಣದ ಮಟ್ಟದಲ್ಲಿ ಆಕ್ಷೇಪಿಸಬಹುದಾದದ್ದು ಇಲ್ಲಿ ಬಹಳವಿಲ್ಲ. ತೊಂದರೆ ಇರುವುದು ಲೆಕ್ಕದಲ್ಲಿ. ಇದನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು.

ದಾರಿಯಲ್ಲಿ ಕುಟುಂಬದವರನ್ನು ಕಾಡುವ ರೋಗಗಳ ಪಟ್ಟಿಯಲ್ಲಿ ಆಮಶಂಕೆ, ಕಾಲರಾ, ವಿಷಮಶೀತಜ್ವರಗಳ ಜೊತೆಗೆ ದಡಾರವೂ ಇದೆ. ಆಮಶಂಕೆಯಿಂದ ಸಾಯುವುದಂತೂ ಅಮೆರಿಕದಲ್ಲಿ ನಗೆಚಾಟಿಕೆಯ ಮಾತೇ ಆಗಿಹೋಯಿತು. ಅಂಗಿಗಳ ಮೇಲೂ ಅಚ್ಚಾಯಿತು. ಆದರೆ ಚರಿತ್ರೆಯಲ್ಲಿ ಈ ದಾರಿಯ ದಡಾರಕ್ಕೆ ಬೇರೆಯದೇ ಕಥೆ ಇದೆ. ಮೊದಲ ಪಾಠವು ಕಥಾಕಾಲವಾಗಿ ಆರಿಸಿಕೊಂಡ 1847ರಲ್ಲಿಯೇ ವಲಸಿಗರ ಬಂಡಿಗಳೊಂದಿಗೆ ದಡಾರ ವಾಲಾ ವಾಲಾ ಕಣಿವೆಯನ್ನು ಹೊಕ್ಕಿತು. ಅಲ್ಲಿದ್ದ ಕೇಯೂಸ್ ಜನರಿಗೆ ಆ ರೋಗಕ್ಕೆ ಪ್ರತಿರೋಧವಿರಲಿಲ್ಲ. ಆ ಪಂಗಡದ ಅರ್ಧದಷ್ಟು ಜನ ಸತ್ತರು. ಮಿಷನರಿಯೂ ವೈದ್ಯನೂ ಆಗಿದ್ದ ಮಾರ್ಕಸ್ ವಿಟ್‌ಮನ್ನನ ಮದ್ದಿನಿಂದ ಬಿಳಿಯರ ಮಕ್ಕಳು ಗುಣವಾಗಿ ತಮ್ಮ ಮಕ್ಕಳು ಸಾಯುವುದನ್ನು ಕಂಡ ಕೇಯೂಸರಿಗೆ ಅನುಮಾನ ಬೆಳೆಯಿತು. ನವೆಂಬರ್ ತಿಂಗಳ ಕೊನೆಯಲ್ಲಿ ಅವರು ವಿಟ್‌ಮನ್ ದಂಪತಿಗಳನ್ನೂ ಇತರರನ್ನೂ ಕೊಂದರು. 1850ರಲ್ಲಿ ಐವರು ಕೇಯೂಸರನ್ನು ಒರೆಗಾನ್ ಸಿಟಿಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ವರ್ಷದ ಭೂಮಿ ದಾನದ ಕಾನೂನು ಒರೆಗಾನಿನಲ್ಲಿ ನೆಲೆಸುವ ಬಿಳಿಯ ಪುರುಷನಿಗೆ 320 ಎಕರೆಯನ್ನೂ ದಂಪತಿಗಳಿಗೆ 640 ಎಕರೆಯನ್ನೂ ಉಚಿತವಾಗಿ ನೀಡಿತು.

ವಾಲಾ ವಾಲಾ ಕೋಟೆ 1985ರ ಆಟದಲ್ಲಿ ಒಂದು ತಂಗುದಾಣ. ಬಂಡಿ ಅಲ್ಲಿಗೆ ಬರುತ್ತದೆ, ಸಾಮಾನು ಕೊಳ್ಳುತ್ತದೆ, ಮುಂದೆ ಹೋಗುತ್ತದೆ. ದಡಾರ ಎಂಬ ಶಬ್ದವೂ ಇದೆ, ವಾಲಾ ವಾಲಾ ಎಂಬ ಸ್ಥಳವೂ ಇದೆ. ಎರಡನ್ನೂ ಕೂಡಿಸುವ ನಿಯಮ ಇಲ್ಲ. ಬಂಡಿಯಲ್ಲಿದ್ದವರು ಸತ್ತರೆ ಆಟ ಎಣಿಸುತ್ತದೆ, ಬಂಡಿಯಿಂದಾಗಿ ಸತ್ತವರನ್ನು ಅದು ಎಣಿಸುವುದಿಲ್ಲ. ರಚನೆಕಾರರು ಉದ್ದೇಶಪೂರ್ವಕವಾಗಿ ಏನನ್ನೋ ಮುಚ್ಚಿಟ್ಟರೆಂದು ಹೇಳುವುದು ಅನ್ಯಾಯವಾಗುತ್ತದೆ. ದಿನಚರಿಗಳನ್ನು ಬರೆದವರೆಲ್ಲ ಬಂಡಿಯಲ್ಲಿ ಕುಳಿತವರಾದ್ದರಿಂದ ಅವುಗಳಿಂದ ತೆಗೆದ ಸಂಭಾವ್ಯತೆಗಳೂ ಬಂಡಿಯೊಳಗಿನವೇ ಆದವು. ಲಿಖಿತ ಆಕರವೊಂದನ್ನೇ ನೆಚ್ಚಿದ ಚರಿತ್ರೆಯ ಮಿತಿಯನ್ನು ಜಾನಪದ ಅಧ್ಯಯನ ಬಹುಕಾಲದಿಂದ ತೋರಿಸುತ್ತ ಬಂದಿದೆ. ಇಲ್ಲಿ ಆ ಮಿತಿ ಗಣಿತದ ರೂಪ ತಾಳಿದೆ ಎಂಬುದಷ್ಟೇ ಹೊಸತು.

4

ಮೆಕ್ ಸಂಸ್ಥೆ 1990ರ ದಶಕದ ಆದಿಯಲ್ಲಿ ಇದೇ ಮಾದರಿಯಲ್ಲಿ 'ಫ್ರೀಡಮ್!' ಎಂಬ ಆಟವನ್ನು ಹೊರತಂದಿತು. ಇಲ್ಲಿ ಆಡುವವನು ಅಮೆರಿಕದ ದಕ್ಷಿಣ ಭಾಗದ ಗುಲಾಮ. ರಾತ್ರಿ ಹೊತ್ತು ಕಾಡಿನ ಹಾದಿಯಲ್ಲಿ, 'ಭೂಗತ ರೈಲು' ಎಂಬ ಸಂಕೇತನಾಮದ ಗುಪ್ತ ಸಹಾಯಜಾಲದ ಆಸರೆ ಪಡೆದು ಉತ್ತರದ ಸ್ವತಂತ್ರ ಪ್ರದೇಶಗಳಿಗೆ ತಪ್ಪಿಸಿಕೊಂಡು ಹೋಗಬೇಕು. ಆಡುವವನಿಗೆ ಓದು ಬಾರದ ಪಾತ್ರ ಬಂದರೆ ದಾರಿಯ ಫಲಕಗಳ ಮೇಲಿನ ಅಕ್ಷರಗಳು ಅರ್ಥವಿಲ್ಲದ ಗೀರುಗಳಾಗಿ ಕಾಣುತ್ತವೆ. ಗುಲಾಮರಿಗೆ ಅಕ್ಷರ ಕಲಿಸುವುದನ್ನು ದಕ್ಷಿಣದ ಹಲವು ರಾಜ್ಯಗಳ ಕಾನೂನು ನಿಷೇಧಿಸಿದ್ದನ್ನು ಇದಕ್ಕಿಂತ ಸಮರ್ಥವಾಗಿ ತಿಳಿಸುವ ಪಾಠಪುಸ್ತಕದ ಪುಟವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಬಹುಪಾಲು ಆಟಗಳು ಸೋಲಿನಲ್ಲಿಯೇ ಮುಗಿಯುತ್ತಿದ್ದವು. ಅದೂ ಚರಿತ್ರೆಗೆ ನಿಷ್ಠವಾದುದೇ.

ಇಷ್ಟಾದರೂ ಈ ಆಟ ಶಾಲೆಗಳಲ್ಲಿ ನಿಲ್ಲಲಿಲ್ಲ. ಆಫ್ರಿಕನ್ ಅಮೆರಿಕನ್ ಪಾಲಕರಿಂದ ಆಕ್ಷೇಪಗಳು ಬಂದವು. ಗುಲಾಮಗಿರಿಯನ್ನು ಮನರಂಜನೆಯಾಗಿಸಲಾಗಿದೆ ಎಂಬುದು ಒಂದು. ಗುಲಾಮ ಪಾತ್ರಗಳ ಬಾಯಲ್ಲಿ ಹಾಕಿದ ಆಡುಭಾಷೆ ಅವಮಾನಕರವಾಗಿದೆ ಎಂಬುದು ಇನ್ನೊಂದು. 1993ರಲ್ಲಿ ಸಂಸ್ಥೆ ಆಟವನ್ನು ಹಿಂತೆಗೆದುಕೊಂಡಿತು.

ಈ ಪ್ರಸಂಗವನ್ನು ಅತಿಸೂಕ್ಷ್ಮತೆಯ ಫಲವೆಂದು ತಳ್ಳಿಹಾಕುವವರಿದ್ದಾರೆ. ಆ ಅಭಿಪ್ರಾಯ ಒಪ್ಪತಕ್ಕದ್ದಲ್ಲ. ಆಡುಭಾಷೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. ಗುಲಾಮರು ತಮ್ಮದೇ ಆದ ಇಂಗ್ಲಿಷನ್ನು ಆಡುತ್ತಿದ್ದರೆಂಬುದು ನಿಜ. ಅದನ್ನು ದಾಖಲಿಸುವುದರಲ್ಲಿ ತಪ್ಪೇನು ಎಂದು ಕೇಳಬಹುದು. ಆದರೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಹಾಸ್ಯಪ್ರದರ್ಶನಗಳಲ್ಲಿ ಅದೇ ಭಾಷೆ ನೂರು ವರ್ಷಗಳ ಕಾಲ ನಗೆಯ ಸಾಧನವಾಗಿತ್ತು. ಕನ್ನಡ ಚಲನಚಿತ್ರಗಳಲ್ಲಿ ಹಳ್ಳಿಯ ಅಥವಾ ಉತ್ತರ ಕರ್ನಾಟಕದ ಮಾತು ಬಂದೊಡನೆ ಪಾತ್ರ ಹಾಸ್ಯದ್ದೆಂದು ಪ್ರೇಕ್ಷಕರು ನಿರ್ಧರಿಸುತ್ತಿದ್ದ ದಿನಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಭಾಷೆಯನ್ನು ಯಾರು ಯಾರ ಎದುರಿಗೆ ಆಡುತ್ತಾರೆ ಎಂಬುದರಿಂದ ಅದರ ಅರ್ಥ ನಿರ್ಧಾರವಾಗುತ್ತದೆ. ಬಹುಪಾಲು ಬಿಳಿಯ ಮಕ್ಕಳಿರುವ ತರಗತಿಯಲ್ಲಿ ಒಬ್ಬಳೇ ಕಪ್ಪು ಹುಡುಗಿ ಕುಳಿತಿರುವಾಗ ಅದೇ ಆಡುಮಾತು ಪರದೆಯ ಮೇಲೆ ಮೂಡಿದರೆ ಉಳಿದ ಮಕ್ಕಳು ಯಾರ ಕಡೆ ತಿರುಗಿ ನೋಡುತ್ತಾರೆ ಎಂಬುದನ್ನು ವಿವರಿಸಬೇಕಾಗಿಲ್ಲ. ಸಂಶೋಧನೆಯ ಕೊರತೆಯಿಂದ 'ಫ್ರೀಡಮ್!' ಸೋಲಲಿಲ್ಲ. ಪಾಡ್ದನಕ್ಕೆ ಜಾತ್ರೆಯ ಅಂಗಳ ಇರುವಂತೆ ಆ ಆಟಕ್ಕೊಂದು ಅಂಗಳ ಇರಲಿಲ್ಲ. ಸಂಸ್ಥೆ ಆಟವನ್ನು ಕಳುಹಿಸಿತು. ಉಪಾಧ್ಯಾಯರು ಮಕ್ಕಳನ್ನು ಗಣಕದ ಮುಂದೆ ಕೂರಿಸಿದರು. ನಡುವೆ ಮಾತಾಡುವವರು ಯಾರೂ ಇರಲಿಲ್ಲ.

ಗುಲಾಮಗಿರಿಯ ವಸ್ತುವನ್ನೇ ಕೈಗೆತ್ತಿಕೊಂಡ ಎರಡು ಬೇರೆ ಆಟಗಳನ್ನು ಇಲ್ಲಿಯೇ ಅಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ಡೆನ್ಮಾರ್ಕಿನ ಸಂಸ್ಥೆಯೊಂದು 2013ರಲ್ಲಿ ಮಕ್ಕಳ ಇತಿಹಾಸ ಶಿಕ್ಷಣಕ್ಕಾಗಿ ಗುಲಾಮರ ವ್ಯಾಪಾರದ ಕುರಿತ ಆಟವೊಂದನ್ನು ತಯಾರಿಸಿತು. ಅದರ ಒಂದು ಭಾಗದಲ್ಲಿ ಟೆಟ್ರಿಸ್ ಆಟದ ತುಂಡುಗಳಂತೆ ಮನುಷ್ಯ ದೇಹಗಳು ಮೇಲಿನಿಂದ ಬೀಳುತ್ತವೆ. ಹಡಗಿನ ಒಡಲಿನಲ್ಲಿ ಅವುಗಳನ್ನು ಎಡೆಬಿಡದಂತೆ ಜೋಡಿಸಬೇಕು. ಅಮಾನುಷತೆಯನ್ನು ಮನಗಾಣಿಸುವುದೇ ತಮ್ಮ ಉದ್ದೇಶವೆಂದು ತಯಾರಕರು ಸಮರ್ಥಿಸಿಕೊಂಡರು. 2015ರಲ್ಲಿ ತೀವ್ರ ಪ್ರತಿಭಟನೆ ಬಂದಾಗ ಆ ಭಾಗವನ್ನು ತೆಗೆದುಹಾಕಿದರು. ಅಮೆರಿಕದ ಆಟ ವಿನ್ಯಾಸಕಿ ಬ್ರೆಂಡಾ ರೊಮೆರೊ ಅವರು 2000ರ ದಶಕದ ಕೊನೆಯಲ್ಲಿ ತಮ್ಮ ಮಗಳಿಗಾಗಿ ಮಾಡಿದ 'ದ ನ್ಯೂ ವರ್ಲ್ಡ್' ಗಣಕದ್ದಲ್ಲ, ಮೇಜಿನ ಮೇಲಿನ ಆಟ. ಶಾಲೆಯಲ್ಲಿ ಗುಲಾಮರ ಸಾಗಾಟದ ಪಾಠ ಕೇಳಿ ಬಂದ ಹುಡುಗಿಗೆ ಅದು ಮನಸ್ಸಿಗೆ ತಟ್ಟಿರಲಿಲ್ಲ. ತಾಯಿ ಅವಳಿಗೆ ಪುಟ್ಟ ಮರದ ಗೊಂಬೆಗಳನ್ನು ಕೊಟ್ಟು ಬಣ್ಣ ಹಚ್ಚಿ ಕುಟುಂಬಗಳಾಗಿ ವಿಂಗಡಿಸಲು ಹೇಳಿದರು. ಆಮೇಲೆ ಯಾವ ಕುಟುಂಬದ್ದೆಂದು ನೋಡದೆ ಕೈಗೆ ಸಿಕ್ಕಷ್ಟನ್ನು ಬಾಚಿ ಹಡಗಿಗೆ ಹಾಕಿದರು. ಮಗಳು ಬಿಟ್ಟುಹೋದ ಮಗುವನ್ನು ಸೇರಿಸಹೋದಾಗ, ಹಾಗೆ ಸೇರಿಸುವಂತಿಲ್ಲ ಎಂದರು. ದಾಳ ಉರುಳಿದಂತೆ ಹಡಗಿನ ಆಹಾರ ತೀರುತ್ತ ಬಂತು.

ಎರಡರಲ್ಲಿಯೂ ಹಡಗೇ ಇದೆ, ಅದರೊಳಗೆ ತುಂಬಿದ ಮನುಷ್ಯರೇ ಇದ್ದಾರೆ, ಕಲಿಸುವ ಉದ್ದೇಶವೂ ಇದೆ. ಒಂದರಲ್ಲಿ ಚೊಕ್ಕವಾಗಿ ತುಂಬಿದರೆ ಗೆಲುವು. ಇನ್ನೊಂದರಲ್ಲಿ ಆಡುವವಳು ತಾನೇ ಬಣ್ಣ ಹಚ್ಚಿದ ಮುಖಗಳನ್ನು ಹುಡುಕುತ್ತಾಳೆ, ಮತ್ತು ಎದುರಿಗೆ ತಾಯಿ ಕುಳಿತಿದ್ದಾಳೆ.

5

ಪಶ್ಚಿಮದತ್ತ ನಡೆದ ವಲಸೆಯನ್ನು ಬಂಡಿಯ ಹೊರಗಿನಿಂದ ಹೇಳುವ ಆಟ ಬರಲು ಸುಮಾರು ಅರ್ಧ ಶತಮಾನ ಬೇಕಾಯಿತು. ಅದಕ್ಕೆ ಮುನ್ನ ಅಲಾಸ್ಕದಲ್ಲಿ ನಡೆದ ಪ್ರಯತ್ನವೊಂದನ್ನು ಉಲ್ಲೇಖಿಸಬೇಕು. ಅಲ್ಲಿನ ಮೂಲನಿವಾಸಿಗಳ ಸೇವಾಸಂಸ್ಥೆಯಾದ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಸ್ವತಃ ಬಂಡವಾಳ ಹೂಡಿ 2014ರ ನವೆಂಬರ್‌ನಲ್ಲಿ 'ನೆವರ್ ಅಲೋನ್' ಅಥವಾ 'ಕಿಸಿಮಾ ಇಂಙಿಚುನಾ' ಎಂಬ ಆಟವನ್ನು ಹೊರತಂದಿತು. ಇದಕ್ಕೆ ಆಧಾರ ಇನುಪಿಯಾಕ್ ಜನರ ಕಥೆಗಾರ ರಾಬರ್ಟ್ ನಸ್ರುಕ್ ಕ್ಲೀವ್‌ಲೆಂಡ್ ಹೇಳುತ್ತಿದ್ದ, ಎಲ್ಲಿಂದಲೋ ಬರುವ ಕೊನೆಯಿಲ್ಲದ ಹಿಮಗಾಳಿಯ ಮೂಲವನ್ನು ಹುಡುಕಿ ಹೊರಡುವ ಹುಡುಗನ ಕಥೆ. ಆಟದವರು ಮೊದಲು ಕಥೆಗಾರನ ಮಗಳ ಬಳಿಗೆ ಹೋಗಿ ಅನುಮತಿ ಬೇಡಿದರು. ಮೂಲದ ಹುಡುಗ ಆಟದಲ್ಲಿ ನೂನಾ ಎಂಬ ಹುಡುಗಿಯಾದ. ಜೊತೆಗೊಂದು ಹಿಮನರಿ ಬಂತು. ನಿರೂಪಣೆ ಇನುಪಿಯಾಕ್ ಭಾಷೆಯಲ್ಲಿಯೇ ಇದೆ. ಆಟದ ನಡುವೆ ಗೂಬೆಗಳನ್ನು ಕಂಡುಹಿಡಿದರೆ ಸಮುದಾಯದ ಹಿರಿಯರು ಮಾತನಾಡುವ ಸಣ್ಣ ಸಾಕ್ಷ್ಯಚಿತ್ರಗಳು ತೆರೆದುಕೊಳ್ಳುತ್ತವೆ.

ಕಥೆಯ ಒಡೆತನ ಯಾರದೆಂಬ ಪ್ರಶ್ನೆಯನ್ನು ಮೊದಲು ಇತ್ಯರ್ಥಪಡಿಸಿಕೊಂಡು ಆಮೇಲೆ ರೂಪಾಂತರಕ್ಕೆ ಕೈಹಾಕಿದ ಈ ಕ್ರಮ ಜಾನಪದ ಸಂಗ್ರಹಕಾರರಿಗೂ ಮೇಲ್ಪಂಕ್ತಿ. ನಮ್ಮಲ್ಲಿ ಹಾಡಿದವರ ಹೆಸರನ್ನು ಅನುಬಂಧದ ಕೊನೆಯ ಸಾಲಿಗೆ ತಳ್ಳಿದ ಸಂಕಲನಗಳು ಎಷ್ಟೋ ಇವೆ. ಆದರೂ ಒಂದು ಮಾತು ಹೇಳಬೇಕು. ಹಿರಿಯರ ಮಾತುಗಳಿರುವ ಆ ಚಿತ್ರಗಳು ಆಟದ ಹೊರಗೆ ನಿಂತಿವೆ. ಆಡುವವನು ಅವುಗಳನ್ನು ನೋಡದೆಯೇ ಆಟ ಮುಗಿಸಬಹುದು. ಅಡಿಟಿಪ್ಪಣಿಗಳಿಗೆ ಎಂದಿಗೂ ಇರುವ ಗತಿ ಇದು.

2019ರಲ್ಲಿ ಬಂದ 'ವೆನ್ ರಿವರ್ಸ್ ವರ್ ಟ್ರೇಲ್ಸ್' ನೇರವಾಗಿ 'ಒರೆಗಾನ್ ಟ್ರೇಲ್'ಗೆ ಎದುರುತ್ತರವಾಗಿ ರಚಿತವಾದದ್ದು. ಮೂಲನಿವಾಸಿಗಳ ಭೂಹಕ್ಕಿನ ವಿಷಯದಲ್ಲಿ ಕೆಲಸ ಮಾಡುವ ಇಂಡಿಯನ್ ಲ್ಯಾಂಡ್ ಟೆನ್ಯೂರ್ ಫೌಂಡೇಶನ್ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದೊಡನೆ ಸೇರಿ ಇದನ್ನು ಸಿದ್ಧಪಡಿಸಿತು. ಹಲವು ಸಮುದಾಯಗಳ ಲೇಖಕರು ತಂತಮ್ಮ ನೆಲದ ಪ್ರಸಂಗಗಳನ್ನು ಬರೆದುಕೊಟ್ಟರು. ಕಾಲ 1890ರ ದಶಕ. ಆಡುವವರು ಮಿನ್ನೆಸೋಟದ ಫಾಂಡ್ ಡು ಲಾಕ್ ನೆಲೆಯಿಂದ ಕದಲಿದ ಅನಿಶಿನಾಬೆ ವ್ಯಕ್ತಿ. ಹೋಗುವುದು ಪಶ್ಚಿಮಕ್ಕೇ, ಕ್ಯಾಲಿಫೋರ್ನಿಯದವರೆಗೆ. 1887ರ ಡಾಸ್ ಕಾಯಿದೆ ಪಂಗಡಗಳ ಸಾಮೂಹಿಕ ಭೂಮಿಯನ್ನು ವ್ಯಕ್ತಿಗಳಿಗೆ ಹಂಚಿ ಉಳಿದುದನ್ನು ಹೊರಗಿನವರಿಗೆ ಮಾರಲು ದಾರಿಮಾಡಿತ್ತು. ಅಂದು 13.8 ಕೋಟಿ ಎಕರೆಯಷ್ಟಿದ್ದ ಮೂಲನಿವಾಸಿಗಳ ಭೂಮಿ 1934ರ ಹೊತ್ತಿಗೆ 4.8 ಕೋಟಿ ಎಕರೆಗೆ ಇಳಿಯಿತು.

ದಿಕ್ಕು ಒಂದೇ, ದೂರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಎಣಿಕೆ ಬದಲಾಗಿದೆ. ಇಲ್ಲಿ ಡಾಲರ್ ಮತ್ತು ಮದ್ದುಗುಂಡುಗಳ ಲೆಕ್ಕಕ್ಕಿಂತ ದೇಹ, ಮನಸ್ಸು, ಭಾವ, ಆತ್ಮಗಳ ಸಮತೋಲವನ್ನು ಕಾಯ್ದುಕೊಳ್ಳುವುದು ಮುಖ್ಯ. ದಾರಿಯಲ್ಲಿ ಸಿಕ್ಕವರ ಜೊತೆ ಮಾತನಾಡಿ ಅವರ ಕಥೆ ಕೇಳುವುದೂ ಆಟವೇ. 1971ರ ಆಟ ಹುಟ್ಟಿದ್ದು ಮಿನ್ನೆಸೋಟದಲ್ಲಿ, ಇದರ ನಾಯಕ ಹೊರಡುವುದೂ ಅದೇ ಮಿನ್ನೆಸೋಟದಿಂದ ಎಂಬುದು ಆಕಸ್ಮಿಕವಿರಬಹುದು, ಇರಲಿಕ್ಕಿಲ್ಲ.

2021ರಲ್ಲಿ ಗೇಮ್‌ಲಾಫ್ಟ್ ಕಂಪನಿ ಮೂಲ 'ಒರೆಗಾನ್ ಟ್ರೇಲ್'ನ ಹೊಸ ಆವೃತ್ತಿಯನ್ನು ಆಪಲ್ ಸಾಧನಗಳಿಗಾಗಿ ಹೊರತಂದಿತು. ಈ ಬಾರಿ ಮೂಲನಿವಾಸಿ ಹಿನ್ನೆಲೆಯ ಮೂವರು ಇತಿಹಾಸಕಾರರನ್ನು, ವಿಲಿಯಂ ಬಾವರ್, ಮಾರ್ಗರೆಟ್ ಹ್ಯೂಟ್ಲ್ ಮತ್ತು ಕತ್ರಿನಾ ಫಿಲಿಪ್ಸ್ ಅವರನ್ನು, ಸಲಹೆಗಾರರನ್ನಾಗಿ ತೆಗೆದುಕೊಳ್ಳಲಾಯಿತು. ಕರಡಿನಲ್ಲಿದ್ದ ಮೂಲನಿವಾಸಿ ಪಾತ್ರಗಳ ಮುರುಕು ಇಂಗ್ಲಿಷನ್ನು ತಿದ್ದಲಾಯಿತು. ಎಲ್ಲರಿಗೂ ಒಂದೇ ತೆರನಾಗಿ ಹಾಕಿದ್ದ ಜಡೆಗಳೂ ಬಿಲ್ಲುಬಾಣಗಳೂ ಹೋದವು. ಮೂಲನಿವಾಸಿ ಪಾತ್ರವಾಗಿಯೇ ಆಡಬಹುದಾದ ಕಥೆಗಳು ಸೇರಿದವು. ವಲಸಿಗರ ಸಾಹಸ ಇನ್ನೊಂದು ಜನಸಮುದಾಯಕ್ಕೆ ಆಕ್ರಮಣವಾಗಿತ್ತೆಂದು ಒಪ್ಪಿಕೊಳ್ಳುವ ಮಾತುಗಳು ಆರಂಭದಲ್ಲೇ ಬರುತ್ತವೆ. ಇದು ಪ್ರಾಮಾಣಿಕ ತಿದ್ದುಪಡಿ. ಬಂಡಿಯ ಲೆಕ್ಕ ಮಾತ್ರ ಬಹುಮಟ್ಟಿಗೆ ಹಳೆಯದೇ.

6

ಆಕ್ಷೇಪಗಳಿಗೆ ಅಂಜಿ ಸೂಕ್ಷ್ಮ ವಸ್ತುವನ್ನು ಮುಟ್ಟದಿರುವುದೇ ಕ್ಷೇಮ ಎಂಬ ತೀರ್ಮಾನಕ್ಕೆ ಈ ಚರಿತ್ರೆ ಎಡೆಕೊಡುವುದಿಲ್ಲ. ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯ ಮತ್ತು ಜೆಕ್ ವಿಜ್ಞಾನ ಅಕಾಡೆಮಿಯ ವಿದ್ವಾಂಸರು ರೂಪಿಸಿದ 'ಅಟೆಂಟಾಟ್ 1942' (2017) ನಾಜಿ ಆಕ್ರಮಣದ ಕಾಲದಲ್ಲಿ ಬದುಕುಳಿದವರ ನೆನಪುಗಳನ್ನು ಕೇಳುವುದನ್ನೇ ಆಟವಾಗಿಸಿದೆ. ಸಂಶೋಧಿತ ಸಾಕ್ಷ್ಯಗಳಿಂದ ಕಟ್ಟಿದ ಕಾಲ್ಪನಿಕ ಪಾತ್ರಗಳಾಗಿ ನಟರು ಮಾತನಾಡುತ್ತಾರೆ; ಆಡುವವನು ತನ್ನ ಅಜ್ಜನ ಬಂಧನಕ್ಕೆ ಕಾರಣವೇನೆಂದು ಪ್ರಶ್ನೆ ಕೇಳುತ್ತ ಹೋಗಬೇಕು. ಪ್ರಶ್ನೆ ಒರಟಾದರೆ ಮುದುಕರು ಮಾತು ನಿಲ್ಲಿಸುತ್ತಾರೆ. ಕ್ಷೇತ್ರಕಾರ್ಯದ ಮೊದಲ ಪಾಠ ಇದೇ.

ನಮ್ಮ ದೇಶದಲ್ಲಿ ಕೊಲ್ಕತ್ತದ ಕಲಾವಿದೆ ಲೀನಾ ಕೇಜ್ರಿವಾಲ್ ಅವರ ಕಲ್ಪನೆಯಿಂದ 2016ರಲ್ಲಿ ಹೊರಬಂದ 'ಮಿಸ್ಸಿಂಗ್' ಆಟವು ಹೆಣ್ಣುಮಕ್ಕಳ ಕಳ್ಳಸಾಗಾಣಿಕೆಯನ್ನು ವಸ್ತುವಾಗಿ ಉಳ್ಳದ್ದು. ಸಾರ್ವಜನಿಕ ಸ್ಥಳಗಳಲ್ಲಿ ಹುಡುಗಿಯರ ಕಪ್ಪು ನೆರಳಾಕೃತಿಗಳನ್ನು ನಿಲ್ಲಿಸುವ ಅವರ ಕಲಾಯೋಜನೆಯ ಮುಂದುವರಿಕೆ ಅದು. ಆಡುವವನು ಮಾರಲ್ಪಟ್ಟ ಹುಡುಗಿಯ ಸ್ಥಾನದಲ್ಲಿರುತ್ತಾನೆ. ಯಾರನ್ನು ನಂಬಬೇಕು, ಯಾವಾಗ ಓಡಬೇಕು ಎಂಬ ಆಯ್ಕೆಗಳು ಇವೆ, ಅವುಗಳಲ್ಲಿ ಹೆಚ್ಚಿನವು ಅವಳನ್ನು ಹೊರಗೆ ತರುವುದಿಲ್ಲ.

ಆಯ್ಕೆ ಎಂಬುದು ಈ ಮಾಧ್ಯಮದ ಹೆಮ್ಮೆ. ಸೂಕ್ಷ್ಮ ವಸ್ತುವಿನ ಮಟ್ಟಿಗೆ ಅದರ ಅಪಾಯವೂ ಅದರಲ್ಲಿಯೇ ಇದೆ. ಕನ್ನಡದ ಜನಪದ ಕಥೆಗಳನ್ನು ಗಣಕದಾಟಗಳಾಗಿಸುವ ಉತ್ಸಾಹ ಇಂದು ಅಲ್ಲಲ್ಲಿ ಕೇಳಿಬರುತ್ತಿರುವುದರಿಂದ ಒಂದು ಊಹೆಯನ್ನು ಇಲ್ಲಿ ಮಾಡಿ ನೋಡಬಹುದು. 'ಕೆರೆಗೆ ಹಾರ' ಕಥನಗೀತೆ ಆಟವಾದರೆ ಆಡುವವನನ್ನು ಎಲ್ಲಿ ಕೂರಿಸುವುದು? ಕೆರೆ ಕಟ್ಟಿಸಿದ ಮಲ್ಲನಗೌಡನ ಸ್ಥಾನದಲ್ಲಿ ಕೂರಿಸಿದರೆ ನೀರಿನ ಮಟ್ಟ, ಊರಿನ ಹಿತ, ಸೊಸೆಯರ ಪಟ್ಟಿ ಪರದೆಯ ಮೇಲೆ ಮೂಡುತ್ತವೆ. ಯಾರನ್ನು ಬಲಿಗೊಡುವುದೆಂಬುದು ಒಂದು ಲಾಭನಷ್ಟದ ನಿರ್ಧಾರವಾಗಿಬಿಡುತ್ತದೆ. ಕಿರಿಯ ಸೊಸೆ ಭಾಗೀರಥಿಯ ಸ್ಥಾನದಲ್ಲಿ ಕೂರಿಸಿದರೆ, ತವರಿನಲ್ಲಿ ನಿಜವನ್ನು ಹೇಳುವ, ಗೆಳತಿಯ ಮನೆಯಲ್ಲಿ ಅಡಗುವ, ಊರು ಬಿಟ್ಟು ಓಡುವ ದಾರಿಗಳನ್ನು ಆಟ ತೆರೆಯಬೇಕಾಗುತ್ತದೆ. ಹಾಡಿನಲ್ಲಿ ಅವಳು ತವರಿಗೆ ಹೋಗುತ್ತಾಳೆ, ಆದರೆ ನಿಜ ಹೇಳುವುದಿಲ್ಲ. ಗೆಳತಿಗೆ ಹೇಳುತ್ತಾಳೆ, ಆಸರೆ ಸಿಗುವುದಿಲ್ಲ. ತಿರುಗಿ ಬಂದು ಮನೆಗೆಲಸದಲ್ಲಿ ತೊಡಗುತ್ತಾಳೆ. ಬಾಗಿಲುಗಳೆಲ್ಲ ಇವೆ, ತೆರೆಯುವುದು ಒಂದೂ ಇಲ್ಲ ಎಂಬುದೇ ಆ ಹಾಡಿನ ಸತ್ಯ. ಓಡಿಹೋಗಿ ಗೆಲ್ಲಬಹುದಾದ ಭಾಗೀರಥಿಯನ್ನು ಆಡಿದ ಹುಡುಗ, ಹಾಡಿನ ಭಾಗೀರಥಿ ಯಾಕೆ ಓಡಲಿಲ್ಲ ಎಂದು ಅವಳನ್ನೇ ದೂರಬಹುದು. ದಂಡಿನಿಂದ ಮರಳಿ ಬರುವ ಗಂಡ ಮಾದೇವರಾಯನ ಸ್ಥಾನವೊಂದು ಉಳಿಯುತ್ತದೆ: ಮನೆಯಲ್ಲಿ ಒಬ್ಬೊಬ್ಬರನ್ನೂ ಕೇಳುತ್ತ, ಒಬ್ಬೊಬ್ಬರ ಸುಳ್ಳನ್ನೂ ಕೇಳಿಸಿಕೊಳ್ಳುತ್ತ ಕೆರೆಯ ದಡಕ್ಕೆ ಬರುವವನು. ಪ್ರಾಗಿನ ವಿದ್ವಾಂಸರು ಆಯ್ದುಕೊಂಡದ್ದು ಹೆಚ್ಚುಕಡಿಮೆ ಈ ಸ್ಥಾನವನ್ನೇ.

ಕೊನೆಯದಾಗಿ ಗ್ರಂಥಾಲಯಗಳಿಗೆ ಸಂಬಂಧಿಸಿದ ಒಂದು ವಿಚಾರ. 1971ರ ಆಟ ಉಳಿದದ್ದು ಒಬ್ಬ ಉಪಾಧ್ಯಾಯರು ಕಾಗದದ ಸುರುಳಿಯನ್ನು ಎಸೆಯದೆ ಇಟ್ಟುಕೊಂಡದ್ದರಿಂದ. ಶಾಲೆಗಳಿಂದ ಹಿಂದಕ್ಕೆ ಹೋದ 'ಫ್ರೀಡಮ್!' ಇಂದು ಸಂಶೋಧಕರಿಗೆ ಸಿಗುವುದು ಹಳೆಯ ಗಣಕವನ್ನು ಅನುಕರಿಸುವ ತಂತ್ರಾಂಶಗಳ ಮೂಲಕ, ಹವ್ಯಾಸಿಗಳು ಕಾಪಿಟ್ಟ ಪ್ರತಿಗಳಿಂದ. ಟೆಟ್ರಿಸ್ ಭಾಗವನ್ನು ಕಳಚಿದ ಮೇಲಿನ ಆವೃತ್ತಿಯನ್ನಷ್ಟೇ ನೋಡಿದವರಿಗೆ 2015ರ ವಿವಾದ ಅರ್ಥವೇ ಆಗುವುದಿಲ್ಲ. ಪಾಠಾಂತರಗಳನ್ನೆಲ್ಲ ಉಳಿಸಿಕೊಳ್ಳುವ, ಅನುಚಿತವೆನಿಸಿದ್ದನ್ನೂ ಬಿಡದೆ ದಾಖಲಿಸುವ ಶಿಸ್ತು ನಮ್ಮಲ್ಲಿ ಪಾಡ್ದನ, ಲಾವಣಿಗಳ ಸಂಗ್ರಹದಲ್ಲಿ ನಿಧಾನವಾಗಿ ಬೆಳೆದುಬಂದಿದೆ. ಇದರೊಡನೆ ಆಡಿದವರ ಮಾತುಗಳನ್ನೂ ದಾಖಲಿಸಬೇಕಾಗುತ್ತದೆ. ಗಣಕದ ಸಂಕೇತಭಾಷೆಯಲ್ಲಿ ಉಳಿಯುವುದು ನಿಯಮ ಮಾತ್ರ. ಟೆಲಿಟೈಪ್ ಯಂತ್ರದ ಸುತ್ತ ನೆರೆದ ಎಂಟನೆಯ ತರಗತಿಯ ಮಕ್ಕಳು ಬಂಡಿಯಲ್ಲಿ ಒಬ್ಬರು ಸತ್ತರೆಂದು ಅಚ್ಚಾದಾಗ ಏನೆಂದರು ಎಂಬುದು ಅದರಲ್ಲಿ ಇರುವುದಿಲ್ಲ.